ಹಿಮದಂಚಿನ ಹೂವಿನಿಂದ ಮರೆವಿನ ಮದ್ದು

ಮರೆವಿನ ಕಾಯಿಲೆಗೆ ವೈದ್ಯರು ಬರೆದುಕೊಡುವ ಬೆರಳೆಣಿಕೆಯ ಔಷಧಿಗಳಲ್ಲಿ ಗ್ಯಾಲಂಟಮಿನ್ ಒಂದು. ಅದರ ಮೂಲ ಒಂದು ಸಣ್ಣ ಹೂಗಿಡದ ಗೆಡ್ಡೆ. ಈ ಮದ್ದಿನ ಗುಣದ ಬಗ್ಗೆ ಸೋವಿಯತ್ ಒಕ್ಕೂಟದ ಔಷಧವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾದದ್ದು 1951ರಲ್ಲಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಅಲ್ಝೈಮರ್ ಕಾಯಿಲೆಗೆ ಕೊಡಬಹುದೆಂದು ಒಪ್ಪಿದ್ದು 2001ರ ಫೆಬ್ರವರಿಯಲ್ಲಿ. ಮದ್ದು ಗಿಡದಲ್ಲಿ ಮೊದಲಿನಿಂದಲೂ ಇತ್ತು. ಅದು ಯಾವ ಕಾಯಿಲೆಗೆ, ಯಾರಿಗೆ, ಎಷ್ಟು ಎಂದು ತಿಳಿಯಲು ಐವತ್ತು ವರ್ಷ ಹಿಡಿಯಿತು.

ಈ ಕತೆ ನಮಗೆ ದೂರದ್ದಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಅಲ್ಝೈಮರ್‌ನಂಥ ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇದೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ. ಹಿರಿಯರು ಹೇಳಿದ್ದನ್ನೇ ಹೇಳತೊಡಗಿದಾಗ, ಗುರುತಿನ ದಾರಿ ತಪ್ಪಿದಾಗ, ಮನೆಯವರು ಮೊದಲು ಹುಡುಕುವುದೇ ಒಂದೆಲಗ, ನೀರುಬ್ರಾಹ್ಮಿ, ಅಶ್ವಗಂಧ. ಆಮೇಲೆ ಜಿಂಕೋ ಗುಳಿಗೆ, ಮೀನೆಣ್ಣೆಯ ಕ್ಯಾಪ್ಸೂಲು, ವಿಟಮಿನ್ ಡಬ್ಬಿಗಳು ಒಂದೊಂದಾಗಿ ಮನೆಗೆ ಬರುತ್ತವೆ. ಗಿಡಮೂಲಿಕೆಯೊಂದು ನಿಜಕ್ಕೂ ಮರೆವಿನ ಮದ್ದಾಗಬೇಕಾದರೆ ಯಾವ ಯಾವ ಪರೀಕ್ಷೆ ದಾಟಬೇಕು ಎಂಬುದನ್ನು ಗ್ಯಾಲಂಟಮಿನ್‌ನಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ.

ಕಾಕಸಸ್ ತಪ್ಪಲಿನ ಗೆಡ್ಡೆ

ಕಪ್ಪು ಸಮುದ್ರದ ಮೂಡಣ ದಂಡೆಯಲ್ಲಿ, ಇಂದಿನ ಜಾರ್ಜಿಯಾ ಮತ್ತು ಈಶಾನ್ಯ ಟರ್ಕಿಯ ಕಾಡುಗಳಲ್ಲಿ, ಚಳಿಗಾಲ ಪೂರ್ತಿ ಮುಗಿಯುವ ಮೊದಲೇ ಅರಳುವ ಹೂವೊಂದಿದೆ. ಗೇಣುದ್ದದ ಗಿಡ, ಹೊಳೆಯುವ ಹಸಿರೆಲೆ, ತಲೆ ತಗ್ಗಿಸಿ ನಿಂತ ಒಂದೇ ಬಿಳಿ ಹೂ. ಅದೇ ಸ್ನೋಡ್ರಾಪ್. ಸಸ್ಯಶಾಸ್ತ್ರಜ್ಞರು ಈ ಪ್ರಭೇದವನ್ನು ಗ್ಯಾಲಂಥಸ್ ವೊರೊನೊವಿಯೈ ಎನ್ನುತ್ತಾರೆ. ಅದರ ಗೆಡ್ಡೆ ವಿಷದ್ದು. ತಿಂದರೆ ವಾಂತಿ, ಭೇದಿ.

ಈ ಗಿಡದ ನಾಟಿ ಬಳಕೆಯ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಬಲ್ಗೇರಿಯಾದ ಹಳ್ಳಿಗರು ನರನೋವಿಗೆ ಇದನ್ನು ಹಣೆಗೆ ಉಜ್ಜಿಕೊಳ್ಳುತ್ತಿದ್ದರು, 1950ರ ದಶಕದ ಆರಂಭದಲ್ಲಿ ಔಷಧವಿಜ್ಞಾನಿಯೊಬ್ಬರ ಕಣ್ಣಿಗೆ ಅದು ಬಿತ್ತು ಎಂಬುದು ಒಂದು. ಸೋವಿಯತ್ ನಾಡಿನ ಬೆಟ್ಟದ ತಪ್ಪಲಲ್ಲಿ ಪೋಲಿಯೊ ಬಡಿದ ಮಕ್ಕಳಿಗೆ ಇದನ್ನು ಮದ್ದಾಗಿ ಕೊಡುತ್ತಿದ್ದರು ಎಂಬುದು ಇನ್ನೊಂದು. ಲಂಡನ್ನಿನ ಸಸ್ಯೌಷಧ ತಜ್ಞ ಮೈಕೆಲ್ ಹೈನ್ರಿಕ್ ಮತ್ತು ಅವರ ಸಹೋದ್ಯೋಗಿ 2004ರಲ್ಲಿ ಈ ಔಷಧಿಯ ಹುಟ್ಟಿನ ಚರಿತ್ರೆಯನ್ನು ಬರೆದಾಗ, ಈ ಮಾತುಗಳಿಗೆ ಆ ಕಾಲದ ಗಟ್ಟಿ ಬರಹದ ಆಧಾರ ಅವರಿಗೆ ಸಿಗಲಿಲ್ಲ. ಯಾವ ಹಳ್ಳಿ, ಯಾರ ಕೈಮದ್ದು, ಗೆಡ್ಡೆಯನ್ನು ಹೇಗೆ ಅರೆಯುತ್ತಿದ್ದರು ಎಂದು ಆಗ ಯಾರಾದರೂ ಕೂತು ಬರೆದಿಡಬೇಕಿತ್ತು. ಆ ನಷ್ಟ ಈಗ ತುಂಬಿ ಬರುವಂಥದ್ದಲ್ಲ. ನಮ್ಮ ಮಲೆನಾಡಿನ ನಾಟಿ ವೈದ್ಯರ ತಿಳಿವಳಿಕೆಗೂ ಇದೇ ಗತಿ ಬಾರದಿರಲಿ ಎಂದು ಈ ಮಾತನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಪ್ರಯೋಗಾಲಯದ ದಾಖಲೆ ಮಾತ್ರ ಸ್ಪಷ್ಟವಾಗಿದೆ. ಮಷ್ಕೋವ್‌ಸ್ಕಿ ಮತ್ತು ಕ್ರುಗ್ಲಿಕೋವಾ-ಲ್ವೋವಾ ಎಂಬ ಸೋವಿಯತ್ ವಿಜ್ಞಾನಿಗಳು 1951ರಲ್ಲಿ ಗ್ಯಾಲಂಟಮಿನ್ ಎಂಬ ಈ ಹೊಸ ಆಲ್ಕಲಾಯ್ಡ್ (ಸಸ್ಯಮೂಲ ರಾಸಾಯನಿಕ) ದೇಹದ ಮೇಲೆ ಏನು ಮಾಡುತ್ತದೆಂದು ವರದಿ ಮಾಡಿದರು. ಅದನ್ನು ಗೆಡ್ಡೆಯಿಂದ ಶುದ್ಧ ರೂಪದಲ್ಲಿ ಬೇರ್ಪಡಿಸಿದ ಬಗೆಯನ್ನು ಪ್ರೊಸ್ಕುರ್ನಿನಾ ಮತ್ತು ಯಾಕೊವ್ಲೆವಾ ಎಂಬ ರಸಾಯನವಿಜ್ಞಾನಿಗಳು 1952ರಲ್ಲಿ ಪ್ರಕಟಿಸಿದರು. ಗೆಡ್ಡೆಯ ರಸದಲ್ಲಿ ಹತ್ತಾರು ವಸ್ತುಗಳು ಬೆರೆತಿರುತ್ತವೆ, ಋತುವಿಗೊಂದು ಜಾಗಕ್ಕೊಂದು ಪ್ರಮಾಣದಲ್ಲಿ. ಅದರಿಂದ ಒಂದೇ ಒಂದನ್ನು ಹೊರತೆಗೆದು ತೂಕ ಮಾಡಲು ಸಾಧ್ಯವಾದ ಮೇಲೆಯೇ ‘ಇಷ್ಟು ಮಿಲಿಗ್ರಾಂ’ ಎನ್ನುವ ಮಾತಿಗೆ ಅರ್ಥ ಬಂದದ್ದು.

ಸ್ನಾಯುವಿನ ಔಷಧಿಯಾಗಿ ಮೂವತ್ತು ವರ್ಷ

ನರದ ತುದಿ ಸ್ನಾಯುವಿಗೆ ಆಜ್ಞೆ ಕೊಡುವಾಗ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತದೆ. ಅದು ಸ್ನಾಯುವಿನ ಮೇಲಿನ ಗ್ರಾಹಕವನ್ನು ಮುಟ್ಟಿದರೆ ಸ್ನಾಯು ಬಿಗಿಯುತ್ತದೆ. ಮುಟ್ಟಿದ ಮರುಕ್ಷಣ ಕೋಲಿನೆಸ್ಟರೇಸ್ ಎಂಬ ಕಿಣ್ವ ಬಂದು ಅದನ್ನು ಒಡೆದುಹಾಕುತ್ತದೆ. ದಕ್ಷಿಣ ಅಮೆರಿಕದ ಬುಡಕಟ್ಟಿನವರು ಬಾಣಕ್ಕೆ ಹಚ್ಚುತ್ತಿದ್ದ ಕುರಾರೆ ವಿಷ ಆ ಗ್ರಾಹಕವನ್ನೇ ಮುಚ್ಚಿ ಸ್ನಾಯುವನ್ನು ನಿಷ್ಕ್ರಿಯಗೊಳಿಸುತ್ತದೆ. ಗ್ಯಾಲಂಟಮಿನ್ ಕೊಟ್ಟಾಗ ಕುರಾರೆಯ ಹಿಡಿತ ಸಡಿಲವಾಯಿತು ಎಂಬುದೇ ಸೋವಿಯತ್ ವಿಜ್ಞಾನಿಗಳು ಕಂಡದ್ದು. ಅದು ಕಿಣ್ವವನ್ನು ತಡೆಯುತ್ತದೆ. ಒಡೆಯದೆ ಉಳಿದ ಅಸಿಟೈಲ್‌ಕೋಲಿನ್ ಹೆಚ್ಚುತ್ತಾ ಹೋಗಿ ಕುರಾರೆಯನ್ನು ಗ್ರಾಹಕದಿಂದ ತಳ್ಳುತ್ತದೆ.

ದಕ್ಷಿಣ ಕನ್ನಡದ ತೋಟದವರು ಮಳೆ ನಿಂತ ಮೇಲೆ ಹೊಳೆಗೆ ಹಾಕುವ ಕಟ್ಟವನ್ನು ನೆನೆದರೆ ಈ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಕಟ್ಟ ಹೊಸ ನೀರು ತರುವುದಿಲ್ಲ, ಹರಿದುಹೋಗುವುದನ್ನು ನಿಲ್ಲಿಸಿ ಇದ್ದಷ್ಟನ್ನು ತೋಟಕ್ಕೆ ಒದಗಿಸುತ್ತದೆ. ಹೊಳೆಯೇ ಬತ್ತಿದರೆ ಕಟ್ಟ ಇದ್ದೂ ಪ್ರಯೋಜನವಿಲ್ಲ. ಗ್ಯಾಲಂಟಮಿನ್‌ನ ಶಕ್ತಿ ಎಷ್ಟು, ಮಿತಿ ಎಲ್ಲಿ ಎಂಬ ಎರಡೂ ಇದರಲ್ಲಿವೆ.

ಅದನ್ನು ಔಷಧಿಯಾಗಿ ಬೆಳೆಸಿದವರು ಬಲ್ಗೇರಿಯಾದ ಔಷಧವಿಜ್ಞಾನಿ ದಿಮಿತರ್ ಪಾಸ್ಕೋವ್ ಮತ್ತು ಅವರ ತಂಡ. 1950ರ ದಶಕ ಮುಗಿಯುವ ಹೊತ್ತಿಗೆ ಅದು ‘ನಿವಾಲಿನ್’ ಎಂಬ ಹೆಸರಿನ ಚುಚ್ಚುಮದ್ದಾಗಿ ಬಳಕೆಗೆ ಬಂತು. ಅದು ಪೋಲಿಯೊ ಯೂರೋಪಿನ ಮಕ್ಕಳನ್ನು ಕಾಡುತ್ತಿದ್ದ ಕಾಲ. ಪೋಲಿಯೊದಿಂದ ಸೋತ ಕೈಕಾಲುಗಳಿಗೆ, ಸ್ನಾಯುಗಳು ಬೇಗ ದಣಿಯುವ ಮಯಸ್ತೇನಿಯಾ ಗ್ರೇವಿಸ್ ಕಾಯಿಲೆಗೆ, ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಟ್ಟ ಔಷಧಿಯ ಪರಿಣಾಮ ಇಳಿಸಲು ಪೂರ್ವ ಯೂರೋಪಿನ ವೈದ್ಯರು ನಿವಾಲಿನ್ ಬಳಸಿದರು. ಅದನ್ನು ಮೆದುಳಿನ ಮದ್ದೆಂದು ಯಾರೂ ಆಗ ನೋಡಿರಲಿಲ್ಲ.

ಮೆದುಳಿಗೆ ಹೋಗುವ ಗುಣ ಮಾತ್ರ ಅದಕ್ಕೆ ಆಗಲೇ ಇತ್ತು. ರಕ್ತದಲ್ಲಿರುವ ಎಷ್ಟೋ ವಸ್ತುಗಳನ್ನು ಮೆದುಳಿನ ರಕ್ತನಾಳಗಳ ಗೋಡೆ ಒಳಗೆ ಬಿಡುವುದಿಲ್ಲ; ಗ್ಯಾಲಂಟಮಿನ್‌ಗೆ ಅಲ್ಲಿ ತಡೆಯಿಲ್ಲ. 1977ರಲ್ಲಿ ಬೈರೂತ್‌ನ ಬರಾಕಾ ಮತ್ತು ಹಾರಿಕ್ ಎಂಬ ವೈದ್ಯರು ಅದನ್ನು ತೋರಿಸಿಕೊಟ್ಟರು. ಅಸಿಟೈಲ್‌ಕೋಲಿನ್‌ಗೆ ಅಡ್ಡ ಬರುವ ಸ್ಕೋಪೊಲಮಿನ್ ಔಷಧಿಯಿಂದ ಮಂಕಾದವರಿಗೆ ಗ್ಯಾಲಂಟಮಿನ್ ಕೊಟ್ಟಾಗ ಅವರು ಚೇತರಿಸಿಕೊಂಡರು.

ಉಮ್ಮತ್ತಿ ಕೊಟ್ಟ ಸುಳಿವು

ಶಿವನ ಪೂಜೆಗೆ ಇಡುವ ಉಮ್ಮತ್ತಿಯ ಕಾಯಿಯನ್ನು ಮಕ್ಕಳು ಬಾಯಿಗೆ ಹಾಕದಂತೆ ನಮ್ಮ ಹಳ್ಳಿಗಳಲ್ಲಿ ಜತನ ಮಾಡುತ್ತಾರೆ. ಅದರ ಬೀಜ ತಿಂದವರಿಗೆ ಬಾಯಿ ಒಣಗುತ್ತದೆ, ಕಣ್ಣಪಾಪೆ ಅಗಲವಾಗುತ್ತದೆ, ಮಾತು ತಪ್ಪುತ್ತದೆ, ಎದುರಿಗಿದ್ದವರ ಗುರುತು ಹತ್ತುವುದಿಲ್ಲ. ಅದರಲ್ಲಿರುವ ಅಟ್ರೋಪಿನ್ ಮತ್ತು ಸ್ಕೋಪೊಲಮಿನ್ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೆ ಅಡ್ಡ ಬರುವುದೇ ಇದಕ್ಕೆ ಕಾರಣ.

1974ರಲ್ಲಿ ಅಮೆರಿಕದ ಡ್ರಾಕ್‌ಮನ್ ಮತ್ತು ಲೆವಿಟ್ ಆರೋಗ್ಯವಂತ ಯುವಕರಿಗೆ ಸ್ಕೋಪೊಲಮಿನ್ ಕೊಟ್ಟು ನೆನಪಿನ ಪರೀಕ್ಷೆ ಮಾಡಿದರು. ಹೇಳಿದ ತಕ್ಷಣ ಪುನರುಚ್ಚರಿಸುವುದು ಅವರಿಗೆ ಸಾಧ್ಯವಾಯಿತು. ಹೊಸದನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳುವುದು ಆಗಲಿಲ್ಲ. ಔಷಧಿ ಕೊಡದ ವೃದ್ಧರಲ್ಲಿ ಕಂಡ ಮರೆವಿನ ಮಾದರಿಗೂ ಇದಕ್ಕೂ ಹೋಲಿಕೆಯಿತ್ತು. ನೆನಪು ಕೂಡಿಡಲು ಅಸಿಟೈಲ್‌ಕೋಲಿನ್ ಬೇಕು ಎಂಬುದಕ್ಕೆ ಮನುಷ್ಯರಲ್ಲೇ ಸಿಕ್ಕ ಸಾಕ್ಷಿ ಅದು.

ಎರಡೇ ವರ್ಷಗಳಲ್ಲಿ ಬ್ರಿಟನ್ನಿನಿಂದ ಮುಂದಿನ ಸುದ್ದಿ ಬಂತು. ಅಲ್ಝೈಮರ್‌ನಿಂದ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿದ ಎಡಿನ್‌ಬರ್ಗ್, ಲಂಡನ್ ಮತ್ತು ನ್ಯೂಕ್ಯಾಸಲ್ ತಂಡಗಳು 1976-77ರಲ್ಲಿ ಒಂದೇ ಮಾತು ಹೇಳಿದವು: ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ಆ ಮೆದುಳುಗಳಲ್ಲಿ ಬಹಳ ಕುಸಿದಿದೆ. ಅಸಿಟೈಲ್‌ಕೋಲಿನನ್ನು ಮೆದುಳಿನ ಮೇಲ್ಪದರಕ್ಕೆ ಒದಗಿಸುವ ನರಕೋಶಗಳ ಗುಂಪು ಈ ಕಾಯಿಲೆಯಲ್ಲಿ ಸಾಯುತ್ತದೆ ಎಂಬುದು 1980ರ ದಶಕದ ಆರಂಭದಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ತಿಳಿಯಿತು. ಅಲೋಯಿಸ್ ಅಲ್ಝೈಮರ್ 1906ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಮೇಲೆ, ಔಷಧಿಯಿಂದ ಮುಟ್ಟಬಹುದಾದ ಒಂದು ಕೊರತೆ ಮೊದಲ ಬಾರಿಗೆ ಕೈಗೆ ಸಿಕ್ಕಿತ್ತು.

ಆಗ ವೈದ್ಯರ ಬಳಿ ಇದ್ದ ಸಸ್ಯಮೂಲ ಕಿಣ್ವತಡೆ ಫೈಸೊಸ್ಟಿಗ್ಮಿನ್, ಪಶ್ಚಿಮ ಆಫ್ರಿಕದ ಕಲಬಾರ್ ಬೀಜದ್ದು. ಅದರ ಪರಿಣಾಮ ಬಹುಬೇಗ ಇಳಿದುಹೋಗುತ್ತಿತ್ತು. ಮುಂದೆ ಜೆರುಸಲೇಮ್‌ನ ಮಾರ್ತಾ ವೈನ್‌ಸ್ಟಾಕ್ ಅದರ ಅಣುವಿನ ಮಾದರಿಯಲ್ಲೇ ರಿವಾಸ್ಟಿಗ್ಮಿನ್ ರೂಪಿಸಿದರು. ಅದೂ ಇಂದು ಬಳಕೆಯಲ್ಲಿದೆ. ಟ್ಯಾಕ್ರಿನ್ ಎಂಬ ಕೃತಕ ಔಷಧಿ 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತಾದರೂ ಹಲವರ ಯಕೃತ್ತಿಗೆ ಪೆಟ್ಟು ಕೊಟ್ಟಿತು.

ಇದೇ ಕಾಲದ ಒಂದು ಸ್ವಾರಸ್ಯ: ಹೋಮರನ ‘ಒಡಿಸ್ಸಿ’ಯಲ್ಲಿ ಮಾಟಗಾತಿ ಸರ್ಸಿಯ ಮದ್ದಿನಿಂದ ನಾಯಕನನ್ನು ಕಾಯುವ, ಕಪ್ಪು ಬೇರಿನ, ಹಾಲುಬಿಳುಪಿನ ಹೂವಿನ ಗಿಡವೊಂದು ಬರುತ್ತದೆ. ಸರ್ಸಿಯ ಮದ್ದು ಉಮ್ಮತ್ತಿಯ ಜಾತಿಯದು, ಅದಕ್ಕೆ ಮದ್ದಾದ ಗಿಡ ಸ್ನೋಡ್ರಾಪ್ ಎಂದು ಪ್ಲೈಟಾಕಿಸ್ ಮತ್ತು ಡುವೊಸಿನ್ ಎಂಬ ನರರೋಗ ತಜ್ಞರು 1983ರಲ್ಲಿ ವಾದಿಸಿದರು. ಕಾವ್ಯದ ಗಿಡವನ್ನು ಗುರುತಿಸಲು ಸಾಕ್ಷಿ ಸಾಲದು. ಒಂದರ ವಿಷಕ್ಕೆ ಇನ್ನೊಂದು ಪ್ರತಿಮದ್ದು ಎಂಬ ಔಷಧವಿಜ್ಞಾನ ಮಾತ್ರ ಸರಿಯಾಗಿಯೇ ಇದೆ.

ಒಂದು ಪುಟದ ಪೇಟೆಂಟ್

ಎರಡು ಎಳೆಗಳನ್ನು ಕೂಡಿಸಿದವರು ಅಮೆರಿಕದ ಬಾನಿ ಡೇವಿಸ್. ಅಸಿಟೈಲ್‌ಕೋಲಿನ್ ಕೊರತೆಯ ಸುದ್ದಿ ಪಶ್ಚಿಮದ ಪತ್ರಿಕೆಗಳಲ್ಲಿತ್ತು, ಗ್ಯಾಲಂಟಮಿನ್‌ನ ಅನುಭವ ಹೆಚ್ಚಾಗಿ ಪೂರ್ವ ಯೂರೋಪಿನ ವೈದ್ಯರಲ್ಲಿತ್ತು. ಡೇವಿಸ್ 1986ರ ಜನವರಿಯಲ್ಲಿ ಗ್ಯಾಲಂಟಮಿನ್‌ನಿಂದ ಅಲ್ಝೈಮರ್‌ಗೆ ಚಿಕಿತ್ಸೆ ಎಂಬ ಪೇಟೆಂಟ್‌ಗೆ ಅರ್ಜಿ ಹಾಕಿದರು. 1987ರ ಮೇ ತಿಂಗಳಲ್ಲಿ ಅದು ಸಿಕ್ಕಿತು.

ಆ ಪೇಟೆಂಟಿನ ವಿವರಣೆ ಒಂದು ಪುಟಕ್ಕಿಂತ ತುಸು ಹೆಚ್ಚು, ಅಷ್ಟೇ. ಹಿಂದಿನ ಆರು ವೈಜ್ಞಾನಿಕ ಪ್ರಬಂಧಗಳ ಚುಟುಕು ಸಾರಾಂಶ ಅದರಲ್ಲಿತ್ತು. ಡೇವಿಸ್ ತಾವೇ ಮಾಡಿಸಿದ ಪ್ರಯೋಗದ ಫಲಿತಾಂಶ ಒಂದೂ ಇರಲಿಲ್ಲ. ಇಲಿಗಳ ಮೇಲಿನ ಫಲಿತಾಂಶ ಅವರ ಕೈಗೆ ಬಂದದ್ದು ಪೇಟೆಂಟ್ ಸಿಕ್ಕ ಮೇಲೆ, 1987ರ ಜುಲೈಯಲ್ಲಿ. ನೆನಪಿಗೆ ಬೇಕಾದ ನರಕೋಶಗಳು ಹಾಳಾಗಿದ್ದ ಇಲಿಗಳು ಗ್ಯಾಲಂಟಮಿನ್ ಕೊಟ್ಟಾಗ ಜಾಗದ ಗುರುತು ಹಿಡಿಯುವುದರಲ್ಲಿ ಸುಧಾರಿಸಿದವು ಎಂದು ಜಾನ್ಸ್ ಹಾಪ್ಕಿನ್ಸ್‌ನ ಜೋಸೆಫ್ ಕಾಯ್ಲ್ ತಂಡ 1988ರಲ್ಲಿ ಪ್ರಕಟಿಸಿತು.

ಡೇವಿಸ್ ಊಹೆ ನಿಜವಾಯಿತು. ಆದರೂ ಅಮೆರಿಕದ ನ್ಯಾಯಾಲಯ 2008ರಲ್ಲಿ ಆ ಪೇಟೆಂಟನ್ನು ಅಸಿಂಧು ಎಂದಿತು, ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಅದನ್ನೇ ಎತ್ತಿಹಿಡಿಯಿತು. ಔಷಧಿ ಕೆಲಸ ಮಾಡುತ್ತದೆಂದು ತೋರಿಸುವ ಆಧಾರ ಅರ್ಜಿ ಹಾಕಿದ ದಿನ ಅದರಲ್ಲಿ ಇರಲಿಲ್ಲ ಎಂಬುದು ತೀರ್ಪು. ಬಾಟಲಿಯ ಮೇಲೆ ‘ಸ್ಮರಣಶಕ್ತಿಗೆ’ ಎಂದು ಅಚ್ಚು ಹಾಕುವ ಪ್ರತಿಯೊಬ್ಬರಿಗೂ ಈ ಅಳತೆ ಅನ್ವಯಿಸಿದರೆ ಎಷ್ಟು ಕುಟುಂಬಗಳ ದುಡ್ಡು ಉಳಿದೀತು!

ಗೆಡ್ಡೆ ಸಾಲದೆ ಹೋದಾಗ

ಔಷಧಿ ಗೊತ್ತಾಯಿತು, ಬೇಕಾದಷ್ಟು ತರುವುದು ಎಲ್ಲಿಂದ? ಸ್ನೋಡ್ರಾಪ್ ಗೆಡ್ಡೆ ಸಣ್ಣದು, ಅದರಲ್ಲಿ ಗ್ಯಾಲಂಟಮಿನ್ ಇನ್ನೂ ಅಲ್ಪ. ಬಲ್ಗೇರಿಯಾದವರು ಅದೇ ಕುಟುಂಬದ ಸಮ್ಮರ್ ಸ್ನೋಫ್ಲೇಕ್ ಎಂಬ ಜೌಗುನೆಲದ ಗಿಡಕ್ಕೆ ಹೊರಳಿದರು. ಚೀನಾದಲ್ಲಿ ಕೆಂಪು ಹೂವಿನ ಲೈಕೊರಿಸ್ ಗೆಡ್ಡೆ ಮೂಲವಾಯಿತು. ವೇಲ್ಸ್‌ನಲ್ಲಿ ಗುಡ್ಡದ ಮೇಲೆ ಡ್ಯಾಫೊಡಿಲ್ ಬೆಳೆದು ತೆಗೆಯುವ ಪ್ರಯತ್ನ ಮುಂದೆ ನಡೆಯಿತು. ಕಾಡಿನಿಂದ ಕಿತ್ತು ಲೋಕಕ್ಕೆಲ್ಲ ಹಂಚುವುದಂತೂ ಸಾಧ್ಯವಿರಲಿಲ್ಲ. ಸ್ನೋಡ್ರಾಪ್ ಕುಲವನ್ನು 1990ರಲ್ಲಿ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣ ಪಟ್ಟಿಗೆ ಸೇರಿಸಲಾಯಿತು.

ಪ್ರಯೋಗಾಲಯದಲ್ಲಿ ಕಟ್ಟುವ ದಾರಿಯನ್ನು ಡೆರೆಕ್ ಬಾರ್ಟನ್ ಮತ್ತು ಕಿರ್ಬಿ ಎಂಬ ರಸಾಯನವಿಜ್ಞಾನಿಗಳು 1962ರಲ್ಲೇ ತೋರಿಸಿದ್ದರು. ಕೈಗೆ ಬಂದ ಪ್ರಮಾಣ ಮಾತ್ರ ತೀರಾ ಕಡಿಮೆ. ಅಣುವಿಗೆ ಎಡಗೈ-ಬಲಗೈಗಳಂಥ ಎರಡು ರೂಪ. ಗಿಡ ಬೇಕಾದ ಒಂದನ್ನೇ ಮಾಡುತ್ತದೆ, ಪ್ರಯೋಗಾಲಯದಲ್ಲಿ ಎರಡೂ ಸಮಸಮ ಹುಟ್ಟುತ್ತವೆ. ಅದಕ್ಕೆ ಸಿಕ್ಕ ಉಪಾಯ ಬಹು ಚೆಲುವಾದದ್ದು. ಗ್ಯಾಲಂಟಮಿನ್‌ಗಿಂತ ಒಂದು ಹೆಜ್ಜೆ ಹಿಂದಿನ ನಾರ್ವೆಡಿನ್ ಎಂಬ ವಸ್ತು ದ್ರಾವಣದಲ್ಲಿದ್ದಾಗ ಒಂದು ರೂಪದಿಂದ ಇನ್ನೊಂದಕ್ಕೆ ಹೊರಳುತ್ತಿರುತ್ತದೆ. ಆ ದ್ರಾವಣಕ್ಕೆ ಬೇಕಾದ ರೂಪದ ಹರಳಿನ ಚೂರು ಹಾಕಿದರೆ ಆ ರೂಪವೇ ಹರಳುಗಟ್ಟಿ ತಳಕ್ಕಿಳಿಯುತ್ತದೆ. ಕೊರತೆ ತುಂಬಲು ಉಳಿದದ್ದು ಮತ್ತೆ ಅತ್ತ ಹೊರಳುತ್ತದೆ. ಕೊನೆಗೆ ಹೆಚ್ಚುಕಡಿಮೆ ಎಲ್ಲವೂ ಬೇಕಾದ ರೂಪಕ್ಕೇ ಬರುತ್ತದೆ. 1990ರ ದಶಕದಲ್ಲಿ ಆಸ್ಟ್ರಿಯಾದ ಸನೊಕೆಮಿಯಾ ಕಂಪನಿ ಮತ್ತು ವಿಯೆನ್ನಾದ ರಸಾಯನವಿಜ್ಞಾನಿಗಳು ಇದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು.

ಕೈಗೆ ಬಂದ ಫಲ

ಬೆಲ್ಜಿಯಂನ ಜಾನ್ಸೆನ್ ಕಂಪನಿ ಮತ್ತು ಬ್ರಿಟನ್ನಿನ ಶೈರ್ ಸೇರಿ ದೊಡ್ಡ ಪರೀಕ್ಷೆಗಳಿಗೆ ಇಳಿದವು. 2000ದಲ್ಲಿ ಪ್ರಕಟವಾದ ಒಂದರಲ್ಲಿ 978 ರೋಗಿಗಳಿದ್ದರು. ಕೆಲವರಿಗೆ ಗ್ಯಾಲಂಟಮಿನ್, ಕೆಲವರಿಗೆ ಔಷಧಿಯಿಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿಯದು. ಐದು ತಿಂಗಳ ಕೊನೆಗೆ, 70 ಅಂಕಗಳ ನೆನಪು-ಗ್ರಹಿಕೆಯ ಪರೀಕ್ಷೆಯಲ್ಲಿ ಸರಿಯಾದ ಪ್ರಮಾಣ ಪಡೆದವರು ಹುಸಿ ಗುಳಿಗೆ ಪಡೆದವರಿಗಿಂತ ಮೂರು-ನಾಲ್ಕು ಅಂಕದಷ್ಟು ಮುಂದಿದ್ದರು.

ಮೂರು-ನಾಲ್ಕು ಅಂಕವನ್ನು ಕಡಿಮೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ತಾಯಿ ಇನ್ನಷ್ಟು ತಿಂಗಳು ತಾನೇ ಸೀರೆ ಉಟ್ಟುಕೊಳ್ಳುವುದು, ತಂದೆ ತನ್ನ ಕೈಯಾರೆ ಉಣ್ಣುವುದು ನೋಡಿಕೊಳ್ಳುವವರಿಗೆ ಎಷ್ಟು ದೊಡ್ಡದೆಂದು ಅವರೇ ಬಲ್ಲರು. ಅದನ್ನು ಗುಣವಾಗುವುದೆಂದು ಹೇಳುವುದು ಮಾತ್ರ ತಪ್ಪು. ನರಕೋಶಗಳು ಸಾಯುವುದನ್ನು ಗ್ಯಾಲಂಟಮಿನ್ ನಿಲ್ಲಿಸುವುದಿಲ್ಲ. ಎಲ್ಲರಿಗೂ ಒಗ್ಗುವುದೂ ಇಲ್ಲ. ಸಾಮಾನ್ಯ ಗುಳಿಗೆಯನ್ನು 4 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಊಟದ ಜೊತೆ ಶುರುಮಾಡಿ, ಕನಿಷ್ಠ ನಾಲ್ಕು ವಾರದ ಮೇಲೆ ವೈದ್ಯರೇ ಏರಿಸುತ್ತಾರೆ. ಆತುರಪಟ್ಟರೆ ವಾಕರಿಕೆ, ವಾಂತಿ. ಹೃದಯದ ಬಡಿತ ನಿಧಾನವಾಗಬಹುದು, ಆದ್ದರಿಂದ ಹೃದ್ರೋಗಿಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಹೆಸರೂ ತೊಂದರೆ ಕೊಟ್ಟಿತು: ಅಮೆರಿಕದಲ್ಲಿ ರೆಮಿನಿಲ್ ಎಂದು ಮಾರುತ್ತಿದ್ದ ಇದರ ಬದಲು ಸಕ್ಕರೆ ಕಾಯಿಲೆಯ ಅಮರಿಲ್ ಕೊಟ್ಟು ಸಾವುಗಳಾದ ಮೇಲೆ, 2005ರಲ್ಲಿ ಹೆಸರು ರಝಡೈನ್ ಎಂದಾಯಿತು.

ಉಳಿದ ಮೂಲಿಕೆಗಳ ಪಾಡು

ಇಂಥದೇ ಪರೀಕ್ಷೆಗೆ ಜಿಂಕೋವನ್ನೂ ಒಡ್ಡಲಾಯಿತು. ಅಮೆರಿಕದಲ್ಲಿ 75 ದಾಟಿದ 3,069 ಮಂದಿ, ದಿನಕ್ಕೆ ಎರಡು ಸಲ 120 ಮಿಲಿಗ್ರಾಂ, ಸುಮಾರು ಆರು ವರ್ಷ. 2008ರಲ್ಲಿ ಬಂದ ಫಲಿತಾಂಶದಲ್ಲಿ ಜಿಂಕೋ ತೆಗೆದುಕೊಂಡವರಲ್ಲಿ 277 ಮಂದಿಗೆ, ಹುಸಿ ಗುಳಿಗೆಯವರಲ್ಲಿ 246 ಮಂದಿಗೆ ಡಿಮೆನ್ಷಿಯಾ ಬಂದಿತ್ತು. ಕಾಯಿಲೆಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಚೀನಾದ ಹುಪೆರ್ಜಿಯಾ ಗಿಡದ ಹುಪೆರ್ಜಿನ್-ಎ ಗ್ಯಾಲಂಟಮಿನ್‌ನಂತೆಯೇ ಕಿಣ್ವವನ್ನು ತಡೆಯುತ್ತದೆ, ಚೀನಾದಲ್ಲಿ ಔಷಧಿಯಾಗಿಯೂ ಇದೆ. 2011ರಲ್ಲಿ ಪ್ರಕಟವಾದ, 210 ರೋಗಿಗಳ ಅಮೆರಿಕದ ಪರೀಕ್ಷೆಯಲ್ಲಿ ಮುಖ್ಯವಾಗಿ ಅಳೆದ ಪ್ರಮಾಣ ಫಲ ಕೊಡಲಿಲ್ಲ.

ನಮ್ಮ ಅಶ್ವಗಂಧದ ಕೆಲಸ ಕುತೂಹಲದ್ದು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆದುಳು ಸಂಶೋಧನಾ ಕೇಂದ್ರ ಕಟ್ಟಿದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2012ರಲ್ಲಿ ಅದರ ಬೇರಿನ ಸಾರವನ್ನು ಅಲ್ಝೈಮರ್ ಮಾದರಿಯ ಇಲಿಗಳಿಗೆ ಕೊಟ್ಟಿತು. ಸಾರ ಯಕೃತ್ತಿನಲ್ಲಿ ಒಂದು ಪ್ರೋಟೀನನ್ನು ಹೆಚ್ಚಿಸಿ, ಅದರ ಮೂಲಕ ಮೆದುಳಿನಲ್ಲಿ ಕೂಡುವ ಅಮೈಲಾಯ್ಡ್ ಎಂಬ ಕಸ ರಕ್ತಕ್ಕೆ ಇಳಿದು ಹೊರಹೋಗುವಂತೆ ಮಾಡಿತು. ಸೊಗಸಾದ ವಿಜ್ಞಾನ, ಇಲಿಗಳಲ್ಲಿ. ಗ್ಯಾಲಂಟಮಿನ್ ಇಲಿಯಿಂದ ಮನುಷ್ಯರ ಒಪ್ಪಿಗೆಯವರೆಗೆ ಬರಲು ಹದಿನಾಲ್ಕು ವರ್ಷ ತೆಗೆದುಕೊಂಡಿತು, ಅದೂ ಮೂವತ್ತು ವರ್ಷ ಮನುಷ್ಯರಲ್ಲಿ ಬಳಸಿ ಗೊತ್ತಿದ್ದ ಔಷಧಿ. ಇಲಿಯ ಫಲಿತಾಂಶವನ್ನೇ ಮುಂದಿಟ್ಟು ಚೂರ್ಣ ಮಾರುವುದು ಆ ಸಂಶೋಧನೆಗೂ ಅನ್ಯಾಯ.

ಪೂರಕಗಳಲ್ಲಿ ಒಂದರ ಮಾತು ಬೇರೆ. ವಿಟಮಿನ್ ಬಿ12 ಕೊರತೆಯಿಂದಲೇ ಮರೆವು, ಮಂಕು ಬರಬಹುದು; ಮಾಂಸ, ಮೊಟ್ಟೆ ತಿನ್ನದ ನಮ್ಮ ಎಷ್ಟೋ ಮನೆಗಳಲ್ಲಿ ಈ ಕೊರತೆ ಇದೆ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬೇಗ ಚಿಕಿತ್ಸೆ ಕೊಟ್ಟರೆ ಸುಧಾರಿಸುತ್ತದೆ. ಥೈರಾಯ್ಡ್ ಕಡಿಮೆಯಾದಾಗಲೂ ಹಾಗೆಯೇ. ಯಾವ ಡಬ್ಬಿ ತರುವ ಮೊದಲೂ ಈ ಎರಡು ಪರೀಕ್ಷೆ ಆಗಬೇಕು.

ಉಮ್ಮತ್ತಿಯ ಪಾಠ ಮನೆಯ ಔಷಧಿ ಪೆಟ್ಟಿಗೆಗೂ ಬೇಕು. ಶೀತ-ಅಲರ್ಜಿಗೆ ಕೊಡುವ ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಗುಳಿಗೆಗಳು, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಅಸಿಟೈಲ್‌ಕೋಲಿನ್‌ಗೆ ಅಡ್ಡ ಬರುತ್ತವೆ, ವೃದ್ಧರ ಮರೆವನ್ನು ಹೆಚ್ಚಿಸುತ್ತವೆ. ಗ್ಯಾಲಂಟಮಿನ್ ಜೊತೆ ಇವನ್ನೂ ನುಂಗಿದರೆ ಒಂದು ಕಟ್ಟಿದ್ದನ್ನು ಇನ್ನೊಂದು ಕೆಡವುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಜಿಂಕೋದಿಂದ ರಕ್ತಸ್ರಾವದ ಅಪಾಯವಿದೆ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಚೂರ್ಣ, ಲೇಹ್ಯ, ಕ್ಯಾಪ್ಸೂಲು ಸಮೇತ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಒಂದೆಲಗದ ತಂಬುಳಿಯನ್ನು ಊಟಕ್ಕೆ ಬಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಅದನ್ನು ಡಿಮೆನ್ಷಿಯಾದ ಮದ್ದೆಂದು ಕರೆಯಲು ಮಾತ್ರ ಸ್ನೋಡ್ರಾಪ್ ನಡೆದ ದಾರಿಯನ್ನು ಅದೂ ನಡೆಯಬೇಕು: ಒಳಗಿರುವುದು ಯಾವ ವಸ್ತು, ಮೆದುಳನ್ನು ತಲುಪುತ್ತದೆಯೇ, ಎಷ್ಟು ಕೊಡಬೇಕು, ಹುಸಿ ಗುಳಿಗೆಗಿಂತ ಮೇಲೇ, ಯಾರಿಗೆ ಕೂಡದು. ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮೆದುಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆಂದು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದೆ. ಅಳೆಯುವ ಕೌಶಲ ನಮ್ಮಲ್ಲಿದೆ, ಗಿಡಗಳೂ ಇವೆ, ಅವನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಮೂರನ್ನೂ ಒಟ್ಟಿಗೆ ತಂದು ಪರೀಕ್ಷಿಸಲು ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಹಣ ಹಾಕಬೇಕು. ಹಾಗೆ ಪರೀಕ್ಷೆಗೆ ಒಡ್ಡುವುದೇ ನಮ್ಮ ಮೂಲಿಕೆಗಳಿಗೂ ಅವುಗಳನ್ನು ನಂಬಿದ ಮನೆಗಳಿಗೂ ನಾವು ತೋರಬೇಕಾದ ಮರ್ಯಾದೆ.